ಕನಸಿಗೆ ಟೀಕೆ ಬೇಕೆ?

ಸಾರಕ್ಕಿ ಕೆರೆಯ ದಂಡೆಯ ಮೇಲೆ ಸಂಜೆಯ ಹೊತ್ತು ನಾಲ್ಕು ಸುತ್ತು ನಡೆಯುವುದು ನನಗೂ ನಮ್ಮ ಕೆಳಗಿನ ಮನೆಯ ರಾಯರಿಗೂ ಕೆಲವು ವರ್ಷಗಳಿಂದ ಬಂದ ಅಭ್ಯಾಸ. ರಾಯರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಮಾತು ಕಡಮೆ, ಲೆಕ್ಕ ಖಚಿತ. ಕಳೆದ ತಿಂಗಳು ಒಂದು ಸಂಜೆ ಎರಡು ಸುತ್ತು ಮುಗಿಯುವವರೆಗೂ ಬಾಯಿ ಬಿಡದೆ ನಡೆದವರು ಮೂರನೆಯ ಸುತ್ತಿನಲ್ಲಿ ತಟ್ಟನೆ ನಿಂತು, “ಮೇಷ್ಟ್ರೇ, ನೀವು ಕನ್ನಡ ಪಾಠ ಹೇಳುವವರು. ನನಗೊಂದು ಅರ್ಥ ಹೇಳಬೇಕು” ಎಂದರು. ಯಾವುದೋ ಹಳಗನ್ನಡದ ಪದ್ಯವಿರಬೇಕೆಂದು ನಾನು ಉತ್ಸಾಹದಿಂದಲೇ ತಲೆಯಾಡಿಸಿದೆ. ಅವರು ಕೇಳಿದ್ದು ಪದ್ಯದ ಅರ್ಥವನ್ನಲ್ಲ. ರಜೆಗೆ ಬಂದಿದ್ದ ಮೊಮ್ಮಗ ಅವರನ್ನು ಕೂರಿಸಿಕೊಂಡು ಎರಡು ಕನ್ನಡ ಚಿತ್ರ ತೋರಿಸಿದನಂತೆ. ಒಂದು ಉಪೇಂದ್ರರು 1999ರಲ್ಲಿ ತಮ್ಮ ಹೆಸರನ್ನೇ ಇಟ್ಟು ತೆಗೆದ ‘ಉಪೇಂದ್ರ’. ಇನ್ನೊಂದು ಪವನ್ ಕುಮಾರರ 2013ರ ‘ಲೂಸಿಯಾ’.

“ಮೊದಲನೆಯದರಲ್ಲಿ ತಲೆ ಬುಡ ಇಲ್ಲ. ಎರಡನೆಯದರಲ್ಲಿ ತಲೆ ಇದ್ದ ಕಡೆ ಬುಡ, ಬುಡ ಇದ್ದ ಕಡೆ ತಲೆ. ಹುಡುಗ ನಗ್ತಾನೆ, ತಾತ, ನಿಮಗೆ ಇದೆಲ್ಲ ತಿಳಿಯೋಲ್ಲ ಅಂತ. ತಿಳಿಯೋದಕ್ಕೆ ಅದರಲ್ಲಿ ಏನಿದೆ, ನೀವೇ ಹೇಳಿ.”

“ಕನಸಿನ ಹಾಗೆ ನೋಡಬೇಕು ರಾಯರೇ” ಎಂದೆ.

“ಕನಸು ಕಾಣೋದಕ್ಕೆ ಮನೇಲಿ ಹಾಸಿಗೆ ಇದೆಯಲ್ಲ!” ಎಂದು ಅವರು ಮುಂದೆ ನಡೆದೇ ಬಿಟ್ಟರು.

ನನ್ನ ಉತ್ತರ ಜಾರಿಕೊಳ್ಳುವ ಉತ್ತರವಾಗಿತ್ತು. ರಾಯರ ಮಾತಿಗೆ ಅದರಿಂದ ಸಮಾಧಾನವಾಗಲಿಲ್ಲವೆಂಬುದು ನ್ಯಾಯವೇ. ಅವರ ಸಿಟ್ಟಿನ ಕೆಳಗೆ ಒಂದು ಸಣ್ಣ ನೋವು ಇತ್ತು. ‘ನನಗೆ ಅರ್ಥವಾಗಲಿಲ್ಲ’ ಎಂಬ ಮಾತಿನ ಹಿಂದೆ ‘ನಾನು ದಡ್ಡನೇನೋ’ ಎಂಬ ಅಳುಕು ಯಾವಾಗಲೂ ಅಡಗಿರುತ್ತದೆ. ಆ ಅಳುಕನ್ನು ನಾನು ಬಲ್ಲೆ. ಆದುದರಿಂದ ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

1998ರಲ್ಲಿ ಉಪೇಂದ್ರರ ‘ಎ’ ಬಿಡುಗಡೆಯಾದಾಗ ನಾನು ಪದವಿ ತರಗತಿಯ ಹೊಸಿಲಲ್ಲಿದ್ದ ಹುಡುಗ. ‘ಬುದ್ಧಿವಂತರಿಗೆ ಮಾತ್ರ’ ಎಂಬುದು ಆ ಚಿತ್ರದ ಜಾಹೀರಾತಿನ ಘೋಷಣೆ. ಹದಿನೆಂಟರ ಹುಡುಗರಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕೆ? ಐದು ಜನ ಗೆಳೆಯರು ಹಣ ಕೂಡಿಸಿ ಹೋದೆವು. ಸೂರ್ಯನೆಂಬ ಚಿತ್ರನಿರ್ದೇಶಕ, ಚಾಂದಿನಿಯೆಂಬ ನಟಿ, ಅವರ ಪ್ರೇಮ, ಅವನ ಪತನ: ಇಷ್ಟು ತಿಳಿಯಿತು. ಆದರೆ ಕಥೆ ಹಿಂದುಮುಂದಾಗಿ ಬರುತ್ತಿತ್ತು. ಪರಿಣಾಮ ಮೊದಲು, ಕಾರಣ ಆಮೇಲೆ. ಯಾವುದು ನಡೆದದ್ದು, ಯಾವುದು ಅವನ ಚಿತ್ರದೊಳಗಿನ ಚಿತ್ರ, ಯಾವುದು ಕುಡಿದ ಅಮಲಿನ ಭ್ರಮೆ ಎಂಬುದು ಕೈಗೆ ಸಿಗದೆ ಜಾರುತ್ತಿತ್ತು. ಹೊರಗೆ ಬಂದು ಕಾಫಿ ಕುಡಿಯುವಾಗ ಐವರೂ ‘ಅರ್ಥವಾಯಿತು’ ಎಂದೆವು. ನಾನು ಸುಳ್ಳು ಹೇಳಿದ್ದೆ. ಉಳಿದ ನಾಲ್ವರೂ ಸುಳ್ಳು ಹೇಳಿದ್ದರೆಂಬುದು ಎಷ್ಟೋ ವರ್ಷಗಳ ಮೇಲೆ ಒಬ್ಬನ ಮದುವೆಯ ಊಟದ ಪಂಕ್ತಿಯಲ್ಲಿ ತಿಳಿಯಿತು.

ಈ ಸಂಗತಿಯಲ್ಲಿ ನಗುವ ಭಾಗವನ್ನು ಬಿಟ್ಟರೆ ಉಳಿಯುವುದು ಇದು: ಅಂದು ಆ ಕತ್ತಲೆಯಲ್ಲಿ ನನಗೆ ನಿಜವಾಗಿ ಆದ ಅನುಭವವನ್ನು ನಾನು ಯಾರಿಗೂ ಹೇಳಲಿಲ್ಲ. ಒಬ್ಬ ಮನುಷ್ಯ ತನ್ನ ಬಾಳನ್ನು ತಾನೇ ತಲೆಕೆಳಗಾಗಿ ನೆನೆಯುತ್ತಿರುವಾಗ ಆಗುವ ತಳಮಳ, ಕೆಟ್ಟದ್ದನ್ನು ಮೊದಲೇ ಕಂಡುಬಿಟ್ಟ ಮೇಲೆ ಒಳ್ಳೆಯ ದಿನಗಳನ್ನು ನೋಡುವಾಗ ಹುಟ್ಟುವ ಸಂಕಟ, ಇವು ನನಗೆ ಆಗಿದ್ದವು. ಪ್ರೇಮ ಚಿಗುರುವ ದೃಶ್ಯ ಬಂದಾಗ ಅದು ಮುಂದೆ ಏನಾಗುವುದೆಂದು ಪ್ರೇಕ್ಷಕನಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಕಥೆಯನ್ನು ತಿರುಗಿಸಿ ಹೇಳಿದ್ದರ ಫಲ ಅದು. ಅದನ್ನು ನಾನು ಸವಿದಿದ್ದೆ. ಆದರೆ ‘ಅರ್ಥ’ವೆಂಬುದು ಬೇರೆಲ್ಲೋ ಇದೆ, ಅದು ನನಗೆ ಸಿಗಲಿಲ್ಲ ಎಂದುಕೊಂಡು, ಕೈಯಲ್ಲಿದ್ದ ರಸವನ್ನು ಚೆಲ್ಲಿ ಬರಿಯ ಬಟ್ಟಲನ್ನು ಹುಡುಕುತ್ತಿದ್ದೆ.

ಇಂಥ ಚಿತ್ರಗಳ ವಿಷಯದಲ್ಲಿ ನಮ್ಮ ಓದುಗರು ಎರಡು ಮಾತು ಹೇಳುವುದುಂಟು. ಇದು ಪರದೇಶದ ಸರಕು, ನಮ್ಮ ಜಾಯಮಾನಕ್ಕೆ ಒಗ್ಗದು ಎಂಬುದು ಒಂದು. ಅರ್ಥವಾಗದ್ದು ಕಲೆಯೇ ಅಲ್ಲ ಎಂಬುದು ಇನ್ನೊಂದು. ಮೊದಲನೆಯ ಮಾತನ್ನು ನಾನು ಒಪ್ಪಲಾರೆ; ಎರಡನೆಯದನ್ನು ಅರ್ಧ ಮಾತ್ರ ಒಪ್ಪುತ್ತೇನೆ.

ಮೊದಲು ಪರದೇಶದ ಮಾತು. 1929ರಲ್ಲಿ ಲೂಯಿಸ್ ಬುನುಯೆಲ್ ಎಂಬ ಸ್ಪೇನಿನ ತರುಣ, ಚಿತ್ರಕಾರ ಸಾಲ್ವದೋರ್ ದಾಲಿಯ ಜತೆ ಸೇರಿ ಸುಮಾರು ಕಾಲು ಗಂಟೆಯ ಮೂಕಚಿತ್ರವೊಂದನ್ನು ತೆಗೆದ. ಇಬ್ಬರ ಕನಸುಗಳಿಂದ ಹೊರಟ ಚಿತ್ರ ಅದು. ತರ್ಕದಿಂದ ವಿವರಿಸಬಹುದಾದ ಯಾವ ದೃಶ್ಯವನ್ನೂ ಒಳಗೆ ಬಿಡಬಾರದೆಂಬುದು ಅವರು ಹಾಕಿಕೊಂಡ ನಿಯಮ. ಅತಿವಾಸ್ತವವೆಂದು ನಾವು ಕರೆಯುವ ಪಂಥದ ಚಲಚ್ಚಿತ್ರಗಳಿಗೆ ಅದೇ ಮೇಲ್ಪಂಕ್ತಿ. ಇಂಥ ಚಿತ್ರಗಳನ್ನು ನೋಡಿ ಚರ್ಚಿಸುವ ಹವ್ಯಾಸ ನಮ್ಮ ಬಡಾವಣೆಗಳಿಗೆ ಬಂದದ್ದು ಫಿಲಂ ಸೊಸೈಟಿಗಳಿಂದ. 1971ರಲ್ಲಿ ಹುಟ್ಟಿದ ‘ಸುಚಿತ್ರಾ’ ಬನಶಂಕರಿ ಎರಡನೆಯ ಹಂತದಲ್ಲಿ ನೆಲೆಯೂರಿತು. ಸಾರಕ್ಕಿಯಿಂದ ಕೂಗಳತೆಯ ದೂರ. ಅಂಥ ಕಡೆ ಮಡಿಸುವ ಕುರ್ಚಿಯ ಮೇಲೆ ಕುಳಿತು ಫೆಲಿನಿಯ ಚಿತ್ರವನ್ನು ಮೊದಲ ಬಾರಿ ನೋಡಿದ ಗುಮಾಸ್ತರೂ ಅಧ್ಯಾಪಕರೂ ಈ ಊರಿನಲ್ಲಿ ಸಾಕಷ್ಟು ಮಂದಿ ಇದ್ದಾರೆ.

ಹೆಸರು ಪರದೇಶದ್ದೆಂಬುದು ನಿಜ. ಆದರೆ ವಸ್ತು ನಮ್ಮದಲ್ಲವೆಂದು ಕನ್ನಡ ಬಲ್ಲವರು ಹೇಳುವಂತಿಲ್ಲ. ಹನ್ನೆರಡನೆಯ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ತೆರೆದು ನೋಡಿ. ಅಲ್ಲಿ ಪ್ರಾಣಿಗಳು ತಮ್ಮ ಸ್ವಭಾವವನ್ನು ಬಿಡುತ್ತವೆ. ಚಿಕ್ಕದು ದೊಡ್ಡದನ್ನು ನುಂಗುತ್ತದೆ. ಇಲ್ಲದ ವಸ್ತುವಿನಿಂದ ಇರುವ ವಸ್ತು ಹುಟ್ಟುತ್ತದೆ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಈ ಬೆಡಗಿನ ಮಾತನ್ನು ತಮ್ಮ ಪೀಠಿಕೆಯಲ್ಲಿ ವಿಶೇಷವಾಗಿ ಎತ್ತಿದರು. ಕನಕದಾಸರ ಮುಂಡಿಗೆಗಳೂ ಇದೇ ಜಾತಿಯವು. ಹಳ್ಳಿಯ ಹೆಂಗಸರ ಒಗಟು, ಒಡಪುಗಳಂತೂ ಇದ್ದೇ ಇವೆ. ಎಂದಮೇಲೆ, ತರ್ಕವನ್ನು ಮುರಿದು ಅರ್ಥವನ್ನು ಹೊಳೆಯಿಸುವ ವಿದ್ಯೆ ಕನ್ನಡಿಗನಿಗೆ ಹೊಸದೆಂದು ಹೇಳಲಾಗದು.

ಆದರೆ ಬೆಡಗಿಗೆ ಬಂದ ಒಂದು ಗತಿಯನ್ನೂ ಇಲ್ಲಿ ಹೇಳಬೇಕು. ಮುಂದಿನ ಕಾಲದಲ್ಲಿ ಪಂಡಿತರು ಈ ವಚನಗಳಿಗೆ ಟೀಕೆಗಳನ್ನು ಬರೆದರು. ಈ ಪ್ರಾಣಿಯೆಂದರೆ ಜೀವ, ಈ ಮರವೆಂದರೆ ದೇಹ, ಈ ಕತ್ತಲೆಯೆಂದರೆ ಮಾಯೆ ಎಂದು ಒಂದೊಂದಕ್ಕೂ ಒಂದೊಂದು ಸಂಕೇತಾರ್ಥ. ಟೀಕಾಕಾರರ ಉಪಕಾರ ದೊಡ್ಡದು. ಅವರಿಲ್ಲದಿದ್ದರೆ ಎಷ್ಟೋ ಕಡೆ ನಮಗೆ ದಾರಿಯೇ ಕಾಣುತ್ತಿರಲಿಲ್ಲ. ಆದರೂ ಇಪ್ಪತ್ತು ವರ್ಷ ಪಾಠ ಹೇಳಿದವನ ಅನುಭವವನ್ನು ಹೇಳುತ್ತೇನೆ. ವಚನವನ್ನು ಎರಡು ಸಲ ಗಟ್ಟಿಯಾಗಿ ಓದಿದಾಗ ತರಗತಿ ಸ್ತಬ್ಧವಾಗುತ್ತದೆ. ಹಿಂದಿನ ಬೆಂಚಿನ ಹುಡುಗನೂ ತಲೆಯೆತ್ತುತ್ತಾನೆ. ಟೀಕೆಯನ್ನು ಹೇಳಲು ಶುರುಮಾಡಿದೊಡನೆ ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳತೊಡಗುತ್ತಾರೆ. ಪರೀಕ್ಷೆಯಲ್ಲಿ ಟೀಕೆ ಮಾತ್ರ ಬರುತ್ತದೆ, ವಚನ ಬರುವುದಿಲ್ಲ. ಬೆರಗು ಹೋಗಿ ಪಟ್ಟಿ ಉಳಿಯಿತು. ಇದರಲ್ಲಿ ತಪ್ಪು ವಿದ್ಯಾರ್ಥಿಗಳದ್ದಲ್ಲ, ನನ್ನದು. ಮೊದಲು ಬೆರಗು ಊರಬೇಕು. ಅದು ಊರಿದ ಮೇಲೆ ಟೀಕೆ ಅದನ್ನು ಕೊಲ್ಲದು.

ಈ ಅಳತೆಗೋಲನ್ನು ಹಿಡಿದು ರಾಯರು ನೋಡಿದ ಎರಡು ಚಿತ್ರಗಳನ್ನು ನೋಡೋಣ.

ಉಪೇಂದ್ರರು ನಮ್ಮ ಚಿತ್ರರಂಗದಲ್ಲಿ ದಾರಿ ಬಿಟ್ಟು ನಡೆದ ನಿರ್ದೇಶಕರಲ್ಲಿ ಮುಖ್ಯರು. ಕಾಶೀನಾಥರ ಗರಡಿಯಲ್ಲಿ ಬೆಳೆದು, 1992ರಲ್ಲಿ ‘ತರ್ಲೆ ನನ್ಮಗ’, ಮರುವರ್ಷ ‘ಶ್!’, 1995ರಲ್ಲಿ ‘ಓಂ’ ತೆಗೆದು, ‘ಎ’ ಚಿತ್ರದಿಂದ ತಾವೇ ನಾಯಕರಾದರು. 2010ರ ‘ಸೂಪರ್’ ಚಿತ್ರಕ್ಕೆ ಅಕ್ಷರದ ಹೆಸರೇ ಇಲ್ಲ. ಭಿತ್ತಿಪತ್ರದಲ್ಲಿ ಇದ್ದುದು ಕೈಬೆರಳಿನ ಮುದ್ರೆ. ‘ಉಪೇಂದ್ರ’ ಚಿತ್ರದಲ್ಲಿ ನಾಯಕನ ಹೆಸರು ‘ನಾನು’. ಅವನ ಸುತ್ತ ಮೂವರು ಹೆಣ್ಣುಗಳು; ಮೂವರೂ ಮೂರು ಬಗೆಯ ಸೆಳೆತಗಳಿಗೆ ಸಂಕೇತ. 2015ರ ‘ಉಪ್ಪಿ 2’ರಲ್ಲಿ ‘ನಾನು’ ಹೋಗಿ ‘ನೀನು’ ಬರುತ್ತಾನೆ. 2024ರ ಡಿಸೆಂಬರಿನಲ್ಲಿ ಬಂದ ‘ಯುಐ’ ಚಿತ್ರದೊಳಗೆ ಒಬ್ಬ ಚಿತ್ರವಿಮರ್ಶಕನೇ ಪಾತ್ರ. ‘ಯುಐ’ ಎಂಬ ಚಿತ್ರಕ್ಕೆ ವಿಮರ್ಶೆ ಬರೆಯಲಾರದೆ ಅವನು ಒದ್ದಾಡುತ್ತಾನೆ. ಅದನ್ನು ನೋಡುತ್ತ ನನಗೆ ನಗುವೂ ಬಂತು, ಸ್ವಲ್ಪ ಮೈ ಚುರುಕೂ ಆಯಿತು.

ಇವರ ದೊಡ್ಡ ಸಾಧನೆ ಏನೆಂಬುದನ್ನು ಮೊದಲು ಹೇಳಬೇಕು. ಫಿಲಂ ಸೊಸೈಟಿಯ ಮೂವತ್ತು ಜನರ ಎದುರಿಗಲ್ಲ, ಶಿಳ್ಳೆ ಹಾಕುವ ತುಂಬಿದ ಚಿತ್ರಮಂದಿರದಲ್ಲಿ, ಹಾಡು ಹೊಡೆದಾಟಗಳ ನಡುವೆಯೇ, ಕಥೆಯನ್ನು ಚೂರುಮಾಡಿ ಹರಡಿ, ‘ನೀನೇ ಜೋಡಿಸಿಕೋ’ ಎಂದು ಸಾಮಾನ್ಯ ಪ್ರೇಕ್ಷಕನ ಕೈಗೆ ಕೊಟ್ಟವರು ಉಪೇಂದ್ರ. ಪ್ರೇಕ್ಷಕ ಅದನ್ನು ಕೈಯಲ್ಲಿ ಹಿಡಿದ. ಎರಡು ಸಲ, ಮೂರು ಸಲ ಹೋಗಿ ನೋಡಿದ. ಕನ್ನಡ ಪ್ರೇಕ್ಷಕನಿಗೆ ಬುದ್ಧಿಯಿಲ್ಲವೆಂದು ಗೊಣಗುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಆದರೆ ದೋಷವನ್ನೂ ಮರೆಮಾಚಬಾರದು. ಉಪೇಂದ್ರರು ಒಗಟು ಹಾಕುತ್ತಾರೆ. ಹಾಕಿದ ಮೇಲೆ ತಾವೇ ಟೀಕಾಕಾರರೂ ಆಗಿಬಿಡುತ್ತಾರೆ. ಈ ಹೆಣ್ಣೆಂದರೆ ಇಂಥ ಸೆಳೆತ, ‘ನಾನು’ ಎಂದರೆ ಅಹಂಕಾರ ಎಂದು ಚಿತ್ರವೇ ಬಿಡಿಸಿ ಹೇಳಿದಾಗ, ಕನಸಿನಂತೆ ಶುರುವಾದದ್ದು ಅನ್ಯೋಕ್ತಿಯಾಗಿ ಮುಗಿಯುತ್ತದೆ. ಅನ್ಯೋಕ್ತಿಯಲ್ಲಿ ಒಂದಕ್ಕೆ ಒಂದು ಸಮ. ಲೆಕ್ಕ ತಾಳೆಯಾದೊಡನೆ ಪುಸ್ತಕ ಮುಚ್ಚಬಹುದು. ಕನಸಿನಲ್ಲಿ ಹಾಗಲ್ಲ. ಅಲ್ಲಿ ಒಂದು ಮುಖ ಇನ್ನೊಂದು ಮುಖವೂ ಆಗಿರುತ್ತದೆ, ಎಷ್ಟು ಬಿಡಿಸಿದರೂ ಸ್ವಲ್ಪ ಉಳಿದೇ ಇರುತ್ತದೆ. ಅದೂ ಅಲ್ಲದೆ, ಹೆಣ್ಣುಗಳನ್ನು ಸಂಕೇತಗಳೆಂದು ಕರೆದೊಡನೆ ಅವರನ್ನು ಕುರಿತ ಒರಟು ಮಾತುಗಳಿಗೆಲ್ಲ ತತ್ತ್ವದ ರಕ್ಷೆ ಸಿಕ್ಕಿಬಿಡುತ್ತದೆ. ಸಂಕೇತಕ್ಕೆ ನೋವಾಗುವುದಿಲ್ಲ, ಹೆಣ್ಣಿಗೆ ಆಗುತ್ತದೆ. ಈ ಚಿತ್ರಗಳಲ್ಲಿ ನನ್ನ ನೆನಪಿನಲ್ಲಿ ಉಳಿದಿರುವುದು ಅವುಗಳ ಉಪದೇಶವಲ್ಲ. ಕನ್ನಡಿಯ ಮುಂದೆ ನಿಂತು ತನ್ನನ್ನೇ ಅಣಕಿಸಿಕೊಳ್ಳುವವನಂತೆ ತೆರೆಯ ಮೇಲೆ ‘ನಾನು’ ಕುಣಿಯುವ ಆ ಉನ್ಮಾದ ಉಳಿದಿದೆ. ನಿರ್ದೇಶಕರು ಟೀಕೆಯನ್ನು ಮರೆತ ಗಳಿಗೆಗಳಲ್ಲೇ ಅವರ ಪ್ರತಿಭೆ ಹೆಚ್ಚು ಬೆಳಗುತ್ತದೆ.

ಇನ್ನು ‘ಲೂಸಿಯಾ’. ಈ ಚಿತ್ರವನ್ನು ನೋಡದೆ ಇರುವವರು, ನೋಡುವ ಮನಸ್ಸಿದ್ದರೆ, ಮುಂದಿನ ಕೆಲವು ಮಾತುಗಳನ್ನು ಆಮೇಲೆ ಓದಬಹುದು; ಗುಟ್ಟನ್ನು ಹೇಳದೆ ಈ ಚಿತ್ರದ ವಿಮರ್ಶೆ ಸಾಧ್ಯವಿಲ್ಲ.

ಈ ಚಿತ್ರಕ್ಕೆ ಹಣ ಹಾಕಿದವರು ದೊಡ್ಡ ನಿರ್ಮಾಪಕರಲ್ಲ. ನೂರಕ್ಕೂ ಹೆಚ್ಚು ಮಂದಿ ಸಾಮಾನ್ಯರು ಕೂಡಿಸಿದ ಸುಮಾರು 50 ಲಕ್ಷ ರೂಪಾಯಿಯಲ್ಲಿ ಚಿತ್ರ ಸಿದ್ಧವಾಯಿತು. 2013ರ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಅದಕ್ಕೆ ಬಂತು. ನಾಯಕ ನಿಕ್ಕಿ ಚಿತ್ರಮಂದಿರದಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುವ ಹುಡುಗ, ಹಳ್ಳಿಯಿಂದ ಬಂದವನು. ನೀನಾಸಂನಲ್ಲಿ ಕಲಿತ ಸತೀಶರು ಆ ಪಾತ್ರವನ್ನು ಮಾಡಿದ್ದಾರೆ. ನಿಕ್ಕಿಗೆ ನಿದ್ದೆ ಬಾರದು. ಯಾರೋ ‘ಲೂಸಿಯಾ’ ಎಂಬ ಗುಳಿಗೆ ಕೊಡುತ್ತಾರೆ. ಅದನ್ನು ನುಂಗಿದರೆ ಬಯಸಿದ ಬಾಳು ಕನಸಿನಲ್ಲಿ ಸಿಗುತ್ತದೆ. ನಿನ್ನೆ ನಿಂತಲ್ಲಿಂದಲೇ ಇಂದಿನ ಕನಸು ಮುಂದುವರಿಯುತ್ತದೆ. ನಿಕ್ಕಿ ಕನಸಿನಲ್ಲಿ ನಿಖಿಲ್ ಎಂಬ ಪ್ರಖ್ಯಾತ ನಟ. ಚಿತ್ರಮಂದಿರದ ಒಡೆಯ ಶಂಕರಣ್ಣ ಅಲ್ಲಿ ಅವನ ವ್ಯವಸ್ಥಾಪಕ. ಇಲ್ಲಿ ಸಾಧಾರಣ ಕೆಲಸದಲ್ಲಿರುವ ಶ್ವೇತಾ ಅಲ್ಲಿ ಬೆಡಗಿನ ಲೋಕದ ಹುಡುಗಿ. ನಿಕ್ಕಿಯ ಬಾಳು ಬಣ್ಣದಲ್ಲಿ ಬರುತ್ತದೆ. ನಟನ ಬಾಳು ಕಪ್ಪು ಬಿಳುಪಿನಲ್ಲಿ. ಬಣ್ಣವಿರುವುದೇ ನಿಜ, ಬಣ್ಣವಿಲ್ಲದ್ದು ಕನಸು ಎಂದು ನಾವು ಯಾರ ಅಪ್ಪಣೆಯೂ ಇಲ್ಲದೆ ನಂಬಿ ಕುಳಿತಿರುತ್ತೇವೆ. ಕೊನೆಗೆ ತಿಳಿಯುತ್ತದೆ, ಕಪ್ಪು ಬಿಳುಪೇ ನಿಜ. ಇದ್ದವನು ನಟ; ಸೀಟು ತೋರಿಸುವ ಹುಡುಗ ಅವನ ಕನಸು.

ಈ ತಿರುವನ್ನು ಕಂಡಾಗ ಅಮೆರಿಕದ ಡೇವಿಡ್ ಲಿಂಚರ ನೆನಪಾಗುವುದು ಸಹಜ. 2025ರ ಜನವರಿಯಲ್ಲಿ ತೀರಿಕೊಂಡ ಲಿಂಚರು ಕನಸಿನ ಚಿತ್ರಗಳಿಗೆ ಹೆಸರಾದವರು. ತಮ್ಮ ಚಿತ್ರಗಳ ಅರ್ಥ ಹೇಳೆಂದು ಯಾರು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಅವರ 2001ರ ‘ಮಲ್ಹಾಲೆಂಡ್ ಡ್ರೈವ್’ ಚಿತ್ರದಲ್ಲಿ ಮುಕ್ಕಾಲು ಪಾಲು ಒಬ್ಬಳು ನಟಿಯ ಕನಸೆಂದೇ ಬಹುಮಂದಿ ವ್ಯಾಖ್ಯಾನ ಮಾಡುತ್ತಾರೆ. ಆದರೆ ಹೋಲಿಕೆಯಷ್ಟೇ ವ್ಯತ್ಯಾಸವೂ ಗಮನಾರ್ಹ. ಲಿಂಚರ ಚಿತ್ರದಲ್ಲಿ ಸೋತವಳು ಗೆಲುವಿನ ಕನಸು ಕಾಣುತ್ತಾಳೆ. ‘ಲೂಸಿಯಾ’ದಲ್ಲಿ ಗೆದ್ದವನು ಸೋಲಿನ ಕನಸು ಕಾಣುತ್ತಾನೆ, ಅಥವಾ ನಾವು ಸೋಲೆಂದು ಕರೆಯುವ ಬಾಳಿನ ಕನಸು ಕಾಣುತ್ತಾನೆ. ಅವನಿಗೆ ಕನಸಿನಲ್ಲಿ ಬೇಕಾದದ್ದು ಬಾಡಿಗೆಯ ಕೋಣೆ, ಸಣ್ಣ ಕೆಲಸ, ಹೆಸರಿಗಾಗಿ ಅಲ್ಲದೆ ತನಗಾಗಿ ಒಲಿಯುವ ಹುಡುಗಿ, ಮತ್ತು ಹಳ್ಳಿಯ ಕನ್ನಡ.

ಈ ಕೊನೆಯ ಮಾತು ಮುಖ್ಯವೆಂದು ನನಗೆ ತೋರುತ್ತದೆ. ನಿಕ್ಕಿಯ ಭಾಷೆಯಲ್ಲಿ ಹಳ್ಳಿಯ ವರಸೆಯಿದೆ, ಕೊಂಕಿದೆ, ನಗೆಯಿದೆ. ನಟನ ಬಾಳಿನಲ್ಲಿ ಆ ಭಾಷೆ ಒಣಗಿದೆ. ಮನುಷ್ಯನಿಗೆ ಕನಸು ಯಾವ ಭಾಷೆಯಲ್ಲಿ ಬೀಳುತ್ತದೆ ಎಂಬುದನ್ನು ನೋಡಿದರೆ ಅವನು ಯಾವುದನ್ನು ಕಳೆದುಕೊಂಡಿದ್ದಾನೆಂಬುದು ತಿಳಿಯುತ್ತದೆ. ಸಾರಕ್ಕಿಯೂ ಒಂದು ಕಾಲಕ್ಕೆ ಕೆರೆ, ಗದ್ದೆ, ಗುಡಿಗಳ ಊರೇ. ಈಗ ಬಡಾವಣೆ, ಸಿಗ್ನಲ್ಲು, ಮೇಲೆ ಓಡುವ ರೈಲು. ಇಲ್ಲಿರುವ ನಮ್ಮಲ್ಲಿ ಹೆಚ್ಚಿನವರು ಬೇರೆ ಊರುಗಳಿಂದ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಬಂದವರು. ಮುಂದೆ ಬಂದೆವೆಂದು ಊರಿನವರು ಹೇಳುತ್ತಾರೆ, ನಾವೂ ಅಲ್ಲವೆನ್ನುವುದಿಲ್ಲ. ಹಗಲಿನ ಲೆಕ್ಕದಲ್ಲಿ ಇದೆಲ್ಲ ಸರಿ. ರಾತ್ರಿಯ ಲೆಕ್ಕ ಬೇರೆ. ನಿಕ್ಕಿ ಕೆಲಸ ಮಾಡುವ ಚಿತ್ರಮಂದಿರವೂ ಕಣ್ಣಿಗೆ ಕಟ್ಟುವುದು ಅದರಿಂದಲೇ. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವಿತ್ತು. ಆ ಕಡೆ ‘ನಂದಾ’ ಇತ್ತು. ಈಗ ಎರಡೂ ಇಲ್ಲ. ಅಲ್ಲಿ ಕತ್ತಲೆಯಲ್ಲಿ ನಮ್ಮ ಕಾಲಿನ ಮುಂದೆ ಬೆಳಕಿನ ಬಿಲ್ಲೆಯೊಂದನ್ನು ಚೆಲ್ಲಿ ದಾರಿ ತೋರಿಸುತ್ತಿದ್ದವರ ಮುಖವನ್ನು ನಾವು ಯಾರೂ ನೋಡಿರಲಿಲ್ಲ. ‘ಲೂಸಿಯಾ’ ಆ ಮುಖವನ್ನು ತೋರಿಸಿತು. ತೋರಿಸಿ, ಇವನೂ ಕನಸು ಎಂದಿತು. ಆ ನಷ್ಟ ಎದೆಗೆ ತಾಕುತ್ತದೆ.

ನಮ್ಮ ತಾಯಿಯವರ ಮಾತೊಂದನ್ನು ಇಲ್ಲಿ ಹೇಳಬೇಕು. ಅವರು ಮದ್ದೂರು ಕಡೆಯ ಹಳ್ಳಿಯವರು. ಚಿಕ್ಕಂದಿನಲ್ಲಿ ಮೂಡಲಪಾಯದ ಬಯಲಾಟವನ್ನು ರಾತ್ರಿಯಿಡೀ ನೋಡಿದವರು. ಆಟ ನೋಡುತ್ತ ನೋಡುತ್ತ ತೂಕಡಿಸುವುದು, ಮದ್ದಲೆ ಎಬ್ಬಿಸಿದಾಗ ಕಣ್ಣು ತೆರೆಯುವುದು, ಆಗ ರಾಜನಿದ್ದ ಕಡೆ ರಾಕ್ಷಸನಿರುವುದು, ಇದೆಲ್ಲ ಅವರಿಗೆ ಆಟದ ಭಾಗವೇ. ಈಗ ಎಂಬತ್ತರ ಹತ್ತಿರ. ವೈದ್ಯರು ಕೊಟ್ಟ ಗುಳಿಗೆಯಿಲ್ಲದೆ ನಿದ್ದೆಯಿಲ್ಲ. ‘ಲೂಸಿಯಾ’ವನ್ನು ನಮ್ಮ ಜತೆ ಕುಳಿತು ನೋಡಿದರು. ಚಿತ್ರ ಮುಗಿದ ಮೇಲೆ ನಾನೂ ನನ್ನ ಹೆಂಡತಿಯೂ ಯಾವುದು ಕನಸು, ಯಾವುದು ಎಚ್ಚರ, ಎಲ್ಲೆಲ್ಲಿ ಸುಳಿವು ಕೊಟ್ಟಿದ್ದರು ಎಂದು ವಾದಿಸುತ್ತಿದ್ದೆವು. ತಾಯಿಯವರು ಎದ್ದು ಹೋಗುತ್ತ, “ಪಾಪ, ದೊಡ್ಡ ಮನ್ಸ ಆದ್ಮೇಲೆ ನಿದ್ದೆ ಹೋಯ್ತು ಕಣಪ್ಪ ಅವನ್ಗೆ” ಎಂದರು. ನಮ್ಮ ವಾದ ಅಲ್ಲಿಗೆ ನಿಂತಿತು. ಅವರು ಸುಳಿವುಗಳನ್ನು ಗಮನಿಸಿರಲಿಲ್ಲ. ಬಣ್ಣದ ಯುಕ್ತಿಯನ್ನೂ ಗಮನಿಸಿದ್ದರೋ ಇಲ್ಲವೋ. ಆದರೆ ಚಿತ್ರದ ಹೃದಯ ಅವರ ಕೈಯಲ್ಲಿತ್ತು.

‘ಲೂಸಿಯಾ’ದಲ್ಲಿ ಕುಂದಿಲ್ಲವೆಂದಲ್ಲ. ಕೊನೆಯ ಭಾಗದಲ್ಲಿ ಎಲ್ಲ ಗಂಟುಗಳನ್ನೂ ಬಿಡಿಸಿ ತೋರಿಸುವ ಅವಸರವಿದೆ. ನಡುನಡುವೆ ಬರುವ ಪೋಲೀಸು ತನಿಖೆಯ ಎಳೆ ಪತ್ತೇದಾರಿ ಕಾದಂಬರಿಯ ಜಾಡಿಗೆ ಎಳೆಯುತ್ತದೆ. ಪ್ರೇಕ್ಷಕನನ್ನು ನಿರ್ದೇಶಕರು ಇನ್ನಷ್ಟು ನಂಬಬಹುದಾಗಿತ್ತು. ಆದರೂ ಈ ಚಿತ್ರ ಉಳಿಯುವುದು ಏಕೆಂದರೆ, ಒಗಟು ಬಿಡಿಸಿಯಾದ ಮೇಲೂ ಅದನ್ನು ಮತ್ತೆ ನೋಡಬೇಕೆನಿಸುತ್ತದೆ. ಗುಟ್ಟು ತಿಳಿದು ನೋಡಿದಾಗ ನಿಕ್ಕಿಯ ಪ್ರತಿಯೊಂದು ಸಣ್ಣ ಸಂತೋಷವೂ, ಅವನ ಮುರುಕು ಇಂಗ್ಲಿಷಿನ ತಮಾಷೆಯೂ, ಬೇರೊಬ್ಬನು ಮಲಗಿದಲ್ಲಿಂದ ಕೈ ಚಾಚಿ ಬೇಡುತ್ತಿರುವ ಸಂತೋಷವಾಗಿ ಕಾಣುತ್ತದೆ.

ಇಲ್ಲಿಂದ, ಅರ್ಥವಾಗದ್ದು ಕಲೆಯಲ್ಲ ಎಂಬ ಎರಡನೆಯ ಮಾತಿಗೆ ಬರೋಣ. ಅರ್ಥವಾಗದಿರುವುದೇ ಹಿರಿಮೆಯೆಂದು ನಂಬುವ ನಿರ್ದೇಶಕರೂ ಇದ್ದಾರೆ, ಅದನ್ನು ಒಪ್ಪುವ ವಿಮರ್ಶಕರೂ ಇದ್ದಾರೆ. ಕೆಸರು ನೀರಿನಲ್ಲೂ ತಳ ಕಾಣುವುದಿಲ್ಲ, ಆಳದ ನೀರಿನಲ್ಲೂ ಕಾಣುವುದಿಲ್ಲ. ಇವೆರಡನ್ನೂ ಹೇಗೆ ಗುರುತಿಸುವುದು? ನನಗೆ ತೋಚಿದ ಪರೀಕ್ಷೆ ಸರಳ. ಚಿತ್ರ ನೋಡಿದ ಮರುದಿನ ಬೆಳಿಗ್ಗೆ ಏನು ಉಳಿದಿದೆ? ‘ಅದರ ಅರ್ಥವೇನು’ ಎಂಬ ಪ್ರಶ್ನೆ ಮಾತ್ರ ಉಳಿದಿದ್ದರೆ ಅದು ಒಗಟು. ಉತ್ತರ ಸಿಕ್ಕಿದ ದಿನ ಸಾಯುತ್ತದೆ. ಒಂದು ಮುಖ, ಒಂದು ದನಿ, ಒಂದು ಭಯ, ಒಂದು ಆಸೆ ಉಳಿದಿದ್ದರೆ ಅದು ನಿಮ್ಮೊಳಗೆ ಇಳಿದಿದೆ. ಅರ್ಥ ನಿಧಾನವಾಗಿ ಬರಲಿ.

ನಮ್ಮ ಹಳೆಯ ಮೀಮಾಂಸಕರು ಈ ಮಾತನ್ನು ಬೇರೆ ಪರಿಭಾಷೆಯಲ್ಲಿ ಎಂದೋ ಹೇಳಿದ್ದಾರೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಧ್ವನಿಯನ್ನು ಕಾವ್ಯದ ಆತ್ಮವೆಂದ. ಅದೇ ಶತಮಾನದ ನಮ್ಮ ಕವಿರಾಜಮಾರ್ಗದಲ್ಲೂ ಧ್ವನಿಯ ಪ್ರಸ್ತಾಪವಿದೆ. ಘಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನದಂತೆ, ಮಾತು ಮುಗಿದ ಮೇಲೆ ಹೊಮ್ಮುವ ಅರ್ಥ ಅದು. ಘಂಟೆಯನ್ನು ಕೈಯಲ್ಲಿ ಅದುಮಿ ಹಿಡಿದು, ನಾದವೆಲ್ಲಿ ಎಂದು ಕೇಳುವವನಿಗೆ ಅದು ಸಿಗಲಾರದು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಕನಸನ್ನು ಕುರಿತ ಭಾಗವೂ ಇಲ್ಲಿ ನೆನೆಯತಕ್ಕದ್ದು: ಅಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳಿಲ್ಲ, ಕನಸು ಕಾಣುವವನೇ ಅವನ್ನೆಲ್ಲ ಸೃಷ್ಟಿಸಿಕೊಳ್ಳುತ್ತಾನೆ ಎಂದು ಋಷಿ ಹೇಳುತ್ತಾನೆ. ಕನಸಿನಂಥ ಚಿತ್ರದ ಮುಂದೆ ಕುಳಿತ ಪ್ರೇಕ್ಷಕನೂ ಸ್ವಲ್ಪಮಟ್ಟಿಗೆ ಅಂಥ ಕರ್ತೃವೇ. ಅರ್ಧ ರಥವನ್ನು ನಿರ್ದೇಶಕ ಮಾಡುತ್ತಾನೆ, ಉಳಿದರ್ಧವನ್ನು ನಾವು ಮಾಡಿಕೊಳ್ಳಬೇಕು.

ಹಾಗಾದರೆ ನೋಡುವುದು ಹೇಗೆ? ಮೊದಲ ಸಲ ನೋಡುವಾಗ ಬುದ್ಧಿಯನ್ನು ಬಾಗಿಲಲ್ಲಿ ಬಿಟ್ಟು ಬನ್ನಿ ಎಂದು ನಾನು ಹೇಳಲಾರೆ. ಅದು ಬಿಟ್ಟರೆ ಹೋಗುವ ವಸ್ತುವಲ್ಲ. ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂರಿಸಿದರೆ ಸಾಕು. ಕಣ್ಣಿಗೆ ಮತ್ತೆ ಮತ್ತೆ ಬೀಳುವ ವಸ್ತು ಯಾವುದು, ಕಿವಿಗೆ ಬೀಳುವ ದನಿ ಯಾವುದು, ಎಲ್ಲಿ ಕಾರಣವಿಲ್ಲದೆ ಭಯವಾಯಿತು, ಎಲ್ಲಿ ಕಾರಣವಿಲ್ಲದೆ ಸುಖವೆನಿಸಿತು, ಇಷ್ಟನ್ನು ನೆನಪಿಟ್ಟುಕೊಂಡರೆ ಬಹಳವಾಯಿತು. ಆಮೇಲೆ ‘ಇದರ ಅರ್ಥವೇನು’ ಎಂದು ಕೇಳುವ ಬದಲು ‘ಇದು ಯಾರ ಆಸೆ, ಯಾರ ಭಯ’ ಎಂದು ಕೇಳಿ. ಕನಸು ಯಾವಾಗಲೂ ಯಾರದಾದರೂ ಆಗಿರುತ್ತದೆ. ಒಡೆಯ ಸಿಕ್ಕಿದರೆ ಅರ್ಧ ದಾರಿ ಮುಗಿದಂತೆ. ನೀವು ಮಾಡಿದ ವ್ಯಾಖ್ಯಾನ ಸರಿಯೋ ತಪ್ಪೋ ಎಂಬ ಚಿಂತೆ ಬೇಡ; ಅದರಿಂದ ಚಿತ್ರದ ಹೆಚ್ಚು ದೃಶ್ಯಗಳಿಗೆ ಬೆಳಕು ಬಿತ್ತೋ ಇಲ್ಲವೋ ನೋಡಿ. ಬಿದ್ದರೆ ಇಟ್ಟುಕೊಳ್ಳಿ, ಬೀಳದಿದ್ದರೆ ಬಿಡಿ. ಇನ್ನೊಬ್ಬರ ವ್ಯಾಖ್ಯಾನ ನಿಮ್ಮದಕ್ಕಿಂತ ಬೇರೆಯಾಗಿದ್ದರೆ ಜಗಳವಾಡಬೇಕಿಲ್ಲ. ಕಾಫಿ ಆರುವವರೆಗೆ ಮಾತಾಡಬಹುದು. ‘ಬುದ್ಧಿವಂತರಿಗೆ ಮಾತ್ರ’ ಎಂಬ ಫಲಕವನ್ನು ಕಂಡರೆ ನಕ್ಕು ಒಳಗೆ ಹೋಗಿ. ಅದು ಜಾಹೀರಾತು.

ಈ ಲೇಖನದ ಸಾರಾಂಶವನ್ನು ಮೊನ್ನೆ ಕೆರೆಯ ದಂಡೆಯಲ್ಲಿ ರಾಯರಿಗೆ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ಒಪ್ಪಿದಂತೆಯೂ ತೋರಿಸದೆ, ಬೆಂಚಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, “ನನಗೂ ಒಂದು ಕನಸು ಬೀಳುತ್ತೆ ಮೇಷ್ಟ್ರೇ. ರಿಟೈರಾಗಿ ಹನ್ನೆರಡು ವರ್ಷ ಆಯ್ತು, ಇನ್ನೂ ಬೀಳುತ್ತೆ. ಸಂಜೆ ಕ್ಯಾಶು ತಾಳೆಯಾಗೋಲ್ಲ. ಎಲ್ಲಾರೂ ಮನೆಗೆ ಹೋಗಿಬಿಟ್ಟಿದಾರೆ. ಕೌಂಟರಿನಲ್ಲಿ ನಮ್ಮಣ್ಣ ಕೂತು ಎಣಿಸ್ತಾ ಇದಾನೆ. ನೋಟಲ್ಲ, ವೀಳ್ಯದೆಲೆ. ಊರಲ್ಲಿ ತೋಟ ನೋಡಿಕೊಂಡಿದ್ದು ಅವನೇ. ನನ್ನ ಓದಿಸಿದವನೂ ಅವನೇ. ಹೋಗಿ ಇಪ್ಪತ್ತು ವರ್ಷ ಆಯ್ತು” ಎಂದರು.

“ಆ ಕನಸಿನ ಅರ್ಥ ಯಾರನ್ನಾದರೂ ಕೇಳಿದಿರಾ?” ಎಂದೆ.

ರಾಯರು ನನ್ನ ಕಡೆ ತಿರುಗಿ ನೋಡಿದರು. “ಅದರಲ್ಲಿ ಕೇಳೋದೇನಿದೆ?” ಎಂದರು. ಕೆರೆಯ ಮೇಲೆ ಕತ್ತಲಾಗುತ್ತಿತ್ತು. ಎದ್ದು ನಡೆಯತೊಡಗಿದ ಮೇಲೆ, ‘ಲೂಸಿಯಾ’ವನ್ನು ಇನ್ನೊಂದು ಸಲ ಹಾಕಿಕೊಡುವಂತೆ ಮೊಮ್ಮಗನಿಗೆ ಹೇಳುತ್ತೇನೆಂದರು.